ತಗಡು ಇಳಿಸಿದ್ದು ತಪ್ಪಲ್ಲ ಸ್ವಾಮಿ, ನೀವು ಕೊಟ್ಟ ಮನೆಗೆ ಬೆಳೆಯೋಕೆ ಜಾಗವೇ ಇಲ್ಲ

ಯಾವ ಊರಿನ ಜನತಾ ಕಾಲೊನಿಗೆ ಬೇಕಾದ್ರೂ ಹೋಗಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ಇವರಿಗೆ ಎಷ್ಟು ಮಾಡಿದ್ರೂ ಅಷ್ಟೇ ಕಣ್ರೀ. ಒಳ್ಳೆ ಮನೆ ಕೊಟ್ರೆ ಮುಂದೆ ತಗಡು ಇಳಿಸಿ, ಪಕ್ಕದಲ್ಲಿ ಸೌದೆ ಒಟ್ಟಿ, ಕೆಡಿಸಿ ಇಟ್ಟಿದ್ದಾರೆ." ಹೇಳೋರು ಹೆಚ್ಚಾಗಿ ಜೀಪಿನಿಂದ ಇಳಿದವರು, ಇಲ್ಲವೇ ಊರೊಳಗೆ ತೊಟ್ಟಿಮನೆ ಇರೋರು.

ಆ ತಗಡಿನ ಕೆಳಗೆ ಬಗ್ಗಿ ನೋಡಿದವರು ಕಮ್ಮಿ. ಅಲ್ಲಿ ಒಲೆ ಇದೆ. ಎರಡು ಮೇಕೆ ಇವೆ. ಒಂದು ಹೊಲಿಗೆ ಯಂತ್ರ ಇದೆ. ಮಗನಿಗೆ ಮದುವೆಯಾದ ಮೇಲೆ ಅಪ್ಪ ಅಮ್ಮ ಮಲಗೋದೂ ಅಲ್ಲೇ. ಕೊಟ್ಟ ಮನೆಯಲ್ಲಿ ಇದಕ್ಕೆಲ್ಲ ಜಾಗ ಇರಲಿಲ್ಲ, ಹಾಗಾಗಿ ಜನ ಜಾಗ ಮಾಡಿಕೊಂಡರು. ಇದು ಕೆಡಿಸೋದಲ್ಲ, ಕಟ್ಟೋದು.

ಇದನ್ನು ನಾವು ಹೇಳಿದರೆ ಯಾರೂ ಕೇಳಲ್ಲ. ಅದಕ್ಕೆ ದೊಡ್ಡವರೊಬ್ಬರ ಕೆಲಸವನ್ನೇ ಮುಂದಿಡ್ತೀವಿ.

'3 ಈಡಿಯಟ್ಸ್' ಸಿನಿಮಾ ನೋಡಿದ್ದೀರಲ್ಲ? ಅದರಲ್ಲಿ ಬರುವ ಕಲ್ಲಿನ ಕಾಲೇಜು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ. ಅದರ ವಿನ್ಯಾಸ ಮಾಡಿದವರು ಬಾಲಕೃಷ್ಣ ದೋಶಿ. ಹುಟ್ಟೂರು ಪುಣೆ, ಕೆಲಸ ಮಾಡಿದ್ದು ಅಹಮದಾಬಾದಿನಲ್ಲಿ. ಚಂಡೀಗಢ ನಗರವನ್ನು ರೂಪಿಸಿದ ಲೆ ಕಾರ್ಬೂಸಿಯೆ ಹತ್ತಿರ ಪ್ಯಾರಿಸ್‌ನಲ್ಲಿ ಪಳಗಿದವರು. ವಾಸ್ತುಶಿಲ್ಪಿಗಳಿಗೆ ಸಿಗುವ ಅತಿ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ 2018ರಲ್ಲಿ ಅವರಿಗೆ ಬಂತು, ಭಾರತೀಯರಿಗೆ ಅದೇ ಮೊದಲು. 2023ರಲ್ಲಿ ತೀರಿಕೊಂಡರು.

ಇಂಥ ಮನುಷ್ಯನಿಗೆ 1980ರ ದಶಕದಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಬಡವರ ಬಡಾವಣೆಯೊಂದನ್ನು ಮಾಡಿಕೊಡಿ ಅಂತ ಕೇಳಿತು. ಹೆಸರು ಅರಣ್ಯ. ಸುಮಾರು 85 ಹೆಕ್ಟೇರ್ ಜಾಗ, ಸುಮಾರು 6,500 ನಿವೇಶನ. ಅದರಲ್ಲಿ ಶೇ. 65ರಷ್ಟು ತೀರಾ ಬಡವರಿಗೆ.

ದೋಶಿಯವರ ತಂಡ ಮೊದಲು ಇಂದೋರಿನ ಕೊಳೆಗೇರಿಗಳಿಗೆ ಹೋಗಿ ಅಲ್ಲಿನ ಜನರ ಬದುಕನ್ನು ಅಧ್ಯಯನ ಮಾಡಿತು. ಎಲ್ಲಿ ಕೂತು ಮಾತಾಡ್ತಾರೆ, ಎಲ್ಲಿ ಅಂಗಡಿ ಇಡ್ತಾರೆ, ಬೀದಿಯನ್ನು ಹೇಗೆ ಬಳಸ್ತಾರೆ, ಮನೆಯನ್ನು ಹೇಗೆ ಸ್ವಲ್ಪ ಸ್ವಲ್ಪವಾಗಿ ಬೆಳೆಸ್ತಾರೆ ಅಂತ ಬರೆದುಕೊಂಡಿತು. ಅಧಿಕಾರಿ "ಕೆಡಿಸಿದ್ದಾರೆ" ಅಂದಿದ್ದನ್ನೇ ಇವರು ಪಾಠ ಅಂತ ತಗೊಂಡರು.

ಆಮೇಲೆ ಏನು ಕೊಟ್ಟರು? ಬಡ ಕುಟುಂಬಕ್ಕೆ 35 ಚದರ ಮೀಟರ್ ನಿವೇಶನ, ಅಂದರೆ ಸುಮಾರು 375 ಚದರ ಅಡಿ. ಅದರಲ್ಲಿ ಅಡಿಪಾಯ, ಕಕ್ಕಸು, ನೀರು, ಚರಂಡಿ. ಕೆಲವರಿಗೆ ಜೊತೆಗೆ ಒಂದು ಕೋಣೆ. ಮಿಕ್ಕಿದ್ದನ್ನು ಕೈಯಲ್ಲಿ ಕಾಸು ಬಂದ ಹಾಗೆ ಅವರೇ ಕಟ್ಟಿಕೊಳ್ಳಬೇಕು. ಹೀಗೂ ಕಟ್ಟಬಹುದು ಅಂತ ತೋರಿಸೋಕೆ 80 ಮಾದರಿ ಮನೆ ಕಟ್ಟಿದರು: ಮುಂದೆ ಜಗಲಿ, ಹೊರಗಿನಿಂದಲೇ ಮೆಟ್ಟಿಲು, ಮೇಲೆ ಇನ್ನೊಂದು ಕೋಣೆ ಏರಿಸೋಕೆ ದಾರಿ. ಇದನ್ನೇ ನಕಲು ಮಾಡಿ ಅಂತ ಯಾರಿಗೂ ಕಟ್ಟುಪಾಡು ಹಾಕಲಿಲ್ಲ.

ದುಡ್ಡಿನ ಲೆಕ್ಕವೂ ಇತ್ತು. ದೊಡ್ಡ ನಿವೇಶನಗಳನ್ನು ಉಳ್ಳವರಿಗೆ ಮಾರಿ, ಬಂದ ಲಾಭವನ್ನು ಬಡವರ ನಿವೇಶನಕ್ಕೆ ಹಾಕಿದರು. ಬಡವರಿಗೂ ಪುಕ್ಕಟೆ ಅಲ್ಲ, ಮುಂಗಡ ಮತ್ತು ಕಂತು. 1995ರಲ್ಲಿ ಈ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಈಗ ಕೆಲವರು ಕೇಳಬಹುದು: "ಅರ್ಧ ಮನೆ ಕೊಟ್ಟು ಕೈ ತೊಳೆದುಕೊಂಡರಲ್ಲ?" ನ್ಯಾಯವಾದ ಪ್ರಶ್ನೆ. ಸರ್ಕಾರ ಜಾರಿಕೊಳ್ಳೋಕೆ ಇದನ್ನೇ ನೆಪ ಮಾಡಿಕೊಳ್ಳಬಹುದು. ಆದರೆ ಯಾವ ಅರ್ಧ ಕೊಟ್ಟರು ನೋಡಿ. ಜಾಗದ ಹಕ್ಕು, ಚರಂಡಿ, ನೀರು, ರಸ್ತೆ. ಒಂದು ಕುಟುಂಬ ಎಷ್ಟು ದುಡಿದರೂ ಒಂಟಿಯಾಗಿ ಮಾಡಿಕೊಳ್ಳಲಾಗದ ಅರ್ಧ ಅದು. ಗೋಡೆ, ಕಿಟಕಿ, ಮೇಲಿನ ಕೋಣೆ ನಮ್ಮಿಂದ ಆಗುತ್ತೆ. ನಮ್ಮಲ್ಲೇ ಗಾರೆ ಕೆಲಸದವರಿದ್ದಾರೆ. ಪಟ್ಟಣದ ಮನೆಗಳನ್ನೆಲ್ಲ ಕಟ್ಟಿದವರು ಅವರೇ ಅಲ್ವಾ?

ನಮ್ಮ ಕಡೆ ನಡೆಯೋದು ಇದರ ತಿರುವುಮುರುವು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆ ಜಾಗವೂ ಸೇರಿ. ಬಯಲು ಸೀಮೆಗೆ 1.20 ಲಕ್ಷ ರೂಪಾಯಿ ನೆರವು. ಕಟ್ಟಿಸಿಕೊಳ್ಳೋರು ಫಲಾನುಭವಿಗಳೇ, ಅಷ್ಟರ ಮಟ್ಟಿಗೆ ಒಳ್ಳೇದೇ. ಆದರೆ ಕಂತು ಬರೋದು ಹಂತ ಹಂತದ ಫೋಟೋ ನೋಡಿ. ಫೋಟೋಗೆ ಬೇಕಿರೋದು ಮುಗಿದ ಮನೆ. ಅದಕ್ಕೆ ಜನ ಬಡ್ಡಿಗೆ ಸಾಲ ತಂದು ಬೇಗ ಛಾವಣಿ ಹಾಕ್ತಾರೆ, ಪಾಯದಲ್ಲಿ ಉಳಿಸ್ತಾರೆ. ಮುಂದೆ ಮಗನಿಗೆ ಅಂತ ಮೇಲೊಂದು ಕೋಣೆ ಏರಿಸೋಣ ಅಂದರೆ ಆ ಪಾಯ ತಡೆಯಲ್ಲ. ಹಾಗಾಗಿ ಮತ್ತೆ ತಗಡೇ ಗತಿ. ಬಚ್ಚಲ ನೀರು ಬೀದಿಗೆ. ಯಾಕೆಂದರೆ ಚರಂಡಿ ಮನೆಯ ಫೋಟೋದಲ್ಲಿ ಬರಲ್ಲ.

ಅರಣ್ಯವೇನೂ ಸ್ವರ್ಗ ಅಲ್ಲ. ಅಲ್ಲೂ ಎಷ್ಟೋ ಬಡವರ ನಿವೇಶನಗಳು ಉಳ್ಳವರ ಕೈ ಸೇರಿವೆ. ಮಾದರಿ ಮನೆಗಳನ್ನೂ ಜನ ಒಡೆದು ಬೇರೆ ರೀತಿ ಕಟ್ಟಿಕೊಂಡಿದ್ದಾರೆ. ಮೊದಲನೆಯದಕ್ಕೆ ಬೇಜಾರಾಗಬೇಕು, ಕಷ್ಟ ಬಂದಾಗ ಮಾರೋದು ನಿವೇಶನವನ್ನೇ. ಒಳ್ಳೆಯ ನಕ್ಷೆ ಬಡತನ ನೀಗಿಸಲ್ಲ. ಎರಡನೆಯದಕ್ಕೆ ಬೇಜಾರು ಯಾಕೆ? ಮನೆ ಬದಲಾಗಲಿ ಅಂತಲೇ ಅವರು ಮಾಡಿದ್ದು.

ಮುಂದಿನ ಗ್ರಾಮಸಭೆಯಲ್ಲಿ "ನಮ್ಮೂರಿಗೆ ಎಷ್ಟು ಮನೆ ಬಂತು" ಅಂತ ಕೇಳಿ ಸುಮ್ಮನೆ ಕೂರಬೇಡಿ. ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಹಕ್ಕುಪತ್ರ ಯಾವತ್ತು, ಹೆಂಗಸರ ಹೆಸರಲ್ಲೇ ತಾನೆ? ಮನೆಗಿಂತ ಮೊದಲು ಚರಂಡಿ, ನೀರು ಬರುತ್ತಾ? ಮೇಲೆ ಇನ್ನೊಂದು ಕೋಣೆ ತಡೆಯುವಷ್ಟು ಪಾಯಕ್ಕೆ ದುಡ್ಡು ಇದೆಯಾ? ದನ, ಮೇಕೆ, ಸೌದೆಗೆ ಹಿತ್ತಲು ಬಿಡ್ತೀರಾ?

"ರೂಲ್ಸಲ್ಲಿ ಇಲ್ಲ" ಅಂತಾರೆ. ಹಾಗಾದರೆ ರೂಲ್ಸಲ್ಲಿ ಇಲ್ಲ ಅನ್ನೋದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಬರೆದದ್ದನ್ನು ಅಳಿಸೋದು ಅವರಿಗೆ ಅಷ್ಟು ಸುಲಭ ಅಲ್ಲ.