ಭಂಗಿ ಗುಳಿಗೆಯಲ್ಲಿ ಅಮಲು ಎಷ್ಟಿದೆ, ಕನ್ನಡದಲ್ಲಿ ಬರೆಯಿರಿ

ಬೀಡಾ ಅಂಗಡಿಗಳಲ್ಲಿ ಗುಟ್ಕಾ ಮಾಲೆಗಳ ಪಕ್ಕದಲ್ಲೇ ‘ಮುನಕ್ಕಾ’ ಎಂಬ ಸಿಹಿ ಗುಳಿಗೆ ಸಿಗುತ್ತದೆ. ಸಕ್ಕರೆ, ಮಸಾಲೆ, ಜತೆಗೆ ಭಂಗಿ ಸೊಪ್ಪು. 2023ರಲ್ಲಿ ಮಂಗಳೂರಿನ ಪೊಲೀಸರು ಇಂಥದೇ ಭಂಗಿ ಬೆರೆತ ಚಾಕೊಲೇಟುಗಳನ್ನು ವಶಪಡಿಸಿಕೊಂಡಾಗ ಒಂದು ಕಡೆಯಿಂದ ‘ಗಾಂಜಾ ಚಾಕೊಲೇಟ್’ ಎಂಬ ಕೂಗೆದ್ದಿತು, ಇನ್ನೊಂದು ಕಡೆಯಿಂದ ‘ಇದು ಆಯುರ್ವೇದ’ ಎಂಬ ಸಮರ್ಥನೆ ಬಂತು. ಒಂದು ಗುಳಿಗೆಯಲ್ಲಿ ಅಮಲೇರಿಸುವ ಟಿಎಚ್‌ಸಿ ಎಷ್ಟಿದೆ ಎಂಬ ಪ್ರಶ್ನೆ ಈ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ನಮ್ಮ ಕಾನೂನೂ ಅದನ್ನು ಕೇಳುವುದಿಲ್ಲ. 1985ರ ಮಾದಕವಸ್ತು ಕಾಯ್ದೆಗೆ ಭಂಗಿ ಗಿಡದ ಅಂಟು ಚರಸ್, ಹೂತೆನೆ ಗಾಂಜಾ. ತೆನೆಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಅದರ ವ್ಯಾಖ್ಯೆಯಿಂದ ಹೊರಗೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಭಂಗಿ ಪ್ರಕರಣವೊಂದರ ಆರೋಪಿಗೆ ಜಾಮೀನು ಕೊಟ್ಟಾಗ ನೆಚ್ಚಿದ್ದು ಈ ವ್ಯತ್ಯಾಸವನ್ನೇ. ಕಾಯ್ದೆಯ ಅರ್ಥದಲ್ಲಿ ಅದು ಸರಿ. ಆದರೆ ತಿಂದವರ ದೇಹಕ್ಕೆ ಎಲೆ, ಹೂವಿನ ಭೇದವಿಲ್ಲ. ಅದು ಎಣಿಸುವುದು ಮಿಲಿಗ್ರಾಂ.

ಸೇದಿದರೆ ಅಮಲು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ತಿಂದರೆ ಟಿಎಚ್‌ಸಿ ಜಠರ ದಾಟಿ, ಯಕೃತ್ತಿನಲ್ಲಿ ಇನ್ನೂ ಪ್ರಬಲವಾದ ರೂಪ ತಾಳಿ ಮಿದುಳಿಗೆ ಹೋಗುತ್ತದೆ. ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಇಳಿಯಲು ಆರೆಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅನಾಹುತ ಹುಟ್ಟುವುದು ಈ ನಡುವಿನ ಹೊತ್ತಿನಲ್ಲಿ. ‘ಏನೂ ಆಗಲಿಲ್ಲವಲ್ಲ’ ಎಂದು ಇನ್ನೊಂದು ಬಾಯಿಗೆ ಹಾಕಿಕೊಳ್ಳುವುದು ಆಗಲೇ. ಅಮೆರಿಕದ ಕೊಲರಾಡೋದಲ್ಲಿ 2014ರಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸತ್ತದ್ದು ಹೀಗೆ. 65 ಮಿಲಿಗ್ರಾಂ ಟಿಎಚ್‌ಸಿ ಇದ್ದ ಬಿಸ್ಕತ್ತನ್ನು ಆರು ಭಾಗ ಮಾಡಿ ತಿನ್ನಲು ಅಂಗಡಿಯವರು ಹೇಳಿದ್ದರು. ಒಂದು ಭಾಗ ತಿಂದ ಹುಡುಗ ಒಂದು ಗಂಟೆಯೊಳಗೆ ಉಳಿದದ್ದನ್ನೂ ಮುಗಿಸಿದ, ಆಮೇಲೆ ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಹಾರಿದ. ಅನಂತರ ಆ ರಾಜ್ಯ ಹತ್ತು ಹತ್ತು ಮಿಲಿಗ್ರಾಂ ಪಾಲನ್ನು ಬೇರೆಬೇರೆಯಾಗಿ ಗುರುತಿಸುವ ನಿಯಮ ತಂದಿತು. 2019ರಲ್ಲಿ ಇಂಥ ತಿನಿಸಿಗೆ ಅನುಮತಿ ಕೊಟ್ಟ ಕೆನಡಾ ಇಡೀ ಪೊಟ್ಟಣಕ್ಕೇ 10 ಮಿಲಿಗ್ರಾಂ ಮಿತಿ ಹಾಕಿತು.

ನಮ್ಮಲ್ಲಿ? ಔಷಧ ನಿಯಮಗಳ ಇ(1) ಅನುಸೂಚಿ ಭಂಗಿಯನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿದೆ. ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಪೊಟ್ಟಣದ ಮೇಲಿರಬೇಕು, ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ರಾಯಚೂರಿನ ಹಮಾಲಿ, ಯಾದಗಿರಿಯ ಕಾಲೇಜು ಹುಡುಗ ಇದನ್ನು ಯಾವ ಭಾಷೆಯಲ್ಲಿ ಓದಬೇಕು? ಬೀಡಾ ಕಟ್ಟಿಕೊಡುವವರು ಯಾವ ವೈದ್ಯರು? ಇದೇ ಗಿಡದ ಅಮಲೇರಿಸದ ಬೀಜಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಕಿಲೋಗೆ 5 ಮಿಲಿಗ್ರಾಂ ಟಿಎಚ್‌ಸಿ ಮಿತಿ ಗೊತ್ತುಮಾಡಿದೆ. ಅಮಲಿಗೆಂದೇ ಜನ ಕೊಳ್ಳುವ ಗುಳಿಗೆ ಅಳತೆಯಿಲ್ಲದೆ ಕೈಗೆ ಬರುತ್ತಿದೆ. ಇದು ನನಗೆ ಸಹಿಸಲಾಗದ ಅನ್ಯಾಯ.

ಪೂರ್ತಿ ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ಭಕ್ತರಿರುವ ನಾಡಿದು. ನಿಷೇಧಿಸಿದರೆ ಮಾರಾಟ ಕತ್ತಲೆಗೆ ಸರಿಯುತ್ತದೆ, ಅಷ್ಟೆ. ಬೇಕಿರುವುದು ಕನ್ನಡದಲ್ಲಿ ಅಚ್ಚಾದ ಮಿಲಿಗ್ರಾಂ ಲೆಕ್ಕ, ಅಂಗಡಿಯಿಂದಲೇ ಮಾದರಿ ತಂದು ಮಾಡುವ ಪರೀಕ್ಷೆ, ಚಾಕೊಲೇಟಿನಂಥ ಆಕಾರ, ಬಣ್ಣದ ಹೊದಿಕೆಗಳಿಗೆ ಕಡಿವಾಣ. ಮಿಠಾಯಿಯಂತೆ ಕಂಡರೆ ಮಗು ತಿಂದೇ ತಿನ್ನುತ್ತದೆ. ಅಮೆರಿಕದ ವಿಷಚಿಕಿತ್ಸಾ ಕೇಂದ್ರಗಳಿಗೆ ವರದಿಯಾದ, ಆರು ವರ್ಷದೊಳಗಿನ ಮಕ್ಕಳು ಇಂಥ ತಿನಿಸು ತಿಂದ ಪ್ರಕರಣಗಳು 2017ರಲ್ಲಿ 207 ಇದ್ದದ್ದು 2021ರಲ್ಲಿ 3,054ಕ್ಕೆ ಏರಿದವು. ಅಳತೆ ಅಚ್ಚಾಗಿದ್ದಲ್ಲೂ ಹೀಗಾಗಿದೆ. ಆದ್ದರಿಂದ ಬೀಗ ಹಾಕಿಡುವ ಹೊಣೆ ಮನೆಯವರದೂ ಹೌದು.

ಹೋಳಿ, ಶಿವರಾತ್ರಿಗೆ ಭಂಗಿ ಕುಡಿಯುವವರು ಮೊದಲ ಗುಟುಕಿನ ಬಳಿಕ ಎರಡು ಗಂಟೆಯಾದರೂ ಕಾಯಬೇಕು. ಮದ್ಯ ಬೆರೆಸಬಾರದು, ಅಂದು ಗಾಡಿ ಮುಟ್ಟಬಾರದು. ಗರ್ಭಿಣಿಯರು, ಹೃದ್ರೋಗಿಗಳು, ಚಿತ್ತವಿಕಾರದ ಹಿನ್ನೆಲೆಯುಳ್ಳವರು ಮುಟ್ಟಲೇಬಾರದು. ಮಗು ತಿಂದಿದ್ದರೆ ಹುಣಸೆ ನೀರು, ಮಜ್ಜಿಗೆ ಎಂದು ಹೊತ್ತು ಕಳೆಯದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಬೇಕು, ತಿಂದದ್ದೇನೆಂದು ಹೇಳಬೇಕು. ಹೇಳದಿದ್ದರೆ ವೈದ್ಯರು ಮಿದುಳುಜ್ವರದ ಶಂಕೆಯಿಂದ ಆ ಕಂದನ ಬೆನ್ನುಹುರಿಯ ನೀರು ತೆಗೆಯಬೇಕಾಗಬಹುದು. ತಾಯ್ತಂದೆಯರ ಬಾಯಿ ಕಟ್ಟುವುದು ಪೊಲೀಸರ ಭಯ. ಮಗುವಿನ ಜೀವ ಉಳಿಸಲು ನಿಜ ಹೇಳಿದವರ ಮೇಲೆ ಪ್ರಕರಣ ಹಾಕುವುದಿಲ್ಲವೆಂದು ಗೃಹ ಮತ್ತು ಆರೋಗ್ಯ ಇಲಾಖೆಗಳು ಒಟ್ಟಾಗಿ ಆದೇಶ ಹೊರಡಿಸಲಿ, ಪ್ರತಿ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಅಂಟಿಸಲಿ.