ಡೀಸೆಲ್ ರೇಟು ಬಯ್ಯೋ ಮುಂಚೆ ಟೈರ್ ನೋಡ್ಕೊಳ್ಳಿ

ಡೀಸೆಲ್ ರೇಟು ಏರಿತು ಅಂತ ಸರ್ಕಾರಕ್ಕೆ ಬಯ್ತೀವಿ. ಅದೇ ಬಾಯಲ್ಲಿ "ಗಾಳಿ ಸಾಕು ಬಿಡು" ಅಂತ ಪಿಕಪ್ ಟೈರಿಗೆ ಒಂದು ಸಲ ಒದ್ದು ಹೊರಡ್ತೀವಿ. ಒದ್ರೆ ಗಾಳಿ ಗೊತ್ತಾಗಲ್ಲ ಕಣ್ರಪ್ಪ. ಗಾಳಿ ಕಮ್ಮಿ ಇರೋ ಟೈರು ಭಾರಕ್ಕೆ ಅಮುಕಿ ಬಿಸಿಯಾಗ್ತದೆ, ಡೀಸೆಲ್ ಜಾಸ್ತಿ ಕುಡೀತದೆ, ತಿರುವಲ್ಲಿ ಗಾಡಿ ಓಲಾಡ್ತದೆ.

ಕೋಟೆ ಕಡೆಯಿಂದ ಶುಂಠಿ ಮೂಟೆ, ಹುಣಸೂರು, ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು ಹೇರೋವಾಗ ಇರೋ ಧೈರ್ಯ, ಟೈರ್ ಕೊಳ್ಳೋವಾಗ ಎಲ್ಲಿ ಹೋಗ್ತದೆ? ಅಗ್ಗಕ್ಕೆ ಸಿಕ್ತು ಅಂತ ಕಾರಿನ ಟೈರ್ ಹಾಕಬೇಡಿ. ಲೋಡ್ ಇಂಡೆಕ್ಸ್ ಕಂಪನಿ ಹಾಕಿದ್ದಕ್ಕಿಂತ ಕಮ್ಮಿ ಇರಬಾರದು. ಪಕ್ಕದಲ್ಲಿ ತಯಾರಾದ ವಾರ, ವರ್ಷ ಇರ್ತದೆ. 2319 ಅಂದ್ರೆ 2019ರ 23ನೇ ವಾರ. ಒಂದೇ ಆಕ್ಸಲ್ಲಿಗೆ ಒಂದು ರೇಡಿಯಲ್, ಒಂದು ನೈಲಾನ್ ಬೇಡ್ವೇ ಬೇಡ. ಗಾಳೀನ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಮೀಟರ್ ಹಾಕಿ, ಗಾಡಿ ಪುಸ್ತಕದಲ್ಲಿ ಹೇಳಿದಷ್ಟೇ ಹಿಡಿಸಿ.

"ಇನ್ನೊಂದು ಸೀಸನ್ ಬತ್ತದೆ" ಅಂತ ಬೋಳು ಟೈರ್ ಓಡಿಸೋದು ಉಳಿತಾಯ ಅಲ್ಲ. ಮಳೇಲಿ ಬ್ರೇಕ್ ಒತ್ತಿದ್ರೆ ಅದು ಜಾರ್ತದೆ. ಗೂಡ್ಸ್ ಗಾಡೀಲಿ ಜನ ಕೂರಿಸೋದೇ ತಪ್ಪು, ಆದ್ರೂ ಮೂಟೆ ಮೇಲೆ ಕೂಲಿ ಹೆಣ್ಮಕ್ಕಳನ್ನ ಕೂರಿಸ್ತೀವಿ. ಟೈರಲ್ಲಿ ಉಳಿಸಿದ ದುಡ್ಡನ್ನ ನಾಳೆ ಅವರ ಮನೆ ಮುಂದೆ ನಿಂತು ಎಣಿಸೋಕಾಗ್ತದಾ?