ಕಬಡ್ಡಿ ಹರಾಜು: ಕಾಯುವ ಬಂಡವಾಳ ಯಾರದು?

ವ್ಯಾಪಾರ ವ್ಯವಹಾರಗಳಿಗೆ ಮೀಸಲಾದ ಈ ಪುಟಗಳಲ್ಲಿ ಕಬಡ್ಡಿಯ ಚರ್ಚೆಗೆ ಎಡೆಯುಂಟೇ ಎಂದು ಕೆಲವು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಪೈಕಿ ಅನೇಕರು ಹೊನಲು ಬೆಳಕಿನ ಪಂದ್ಯಾಟಗಳ ಪ್ರಾಯೋಜಕರಾಗಿದ್ದಾರೆ. ಕೆಲವರು ಊರಿನ ಲೀಗುಗಳಲ್ಲಿ ತಂಡಗಳ ಮಾಲೀಕರೂ ಆಗಿದ್ದಾರೆ. ಮಾಲೀಕನಾದವನು ಹರಾಜಿನಲ್ಲಿ ಕುಳಿತು ಇಪ್ಪತ್ತು ಇಪ್ಪತ್ತೊಂದು ವರ್ಷದ ಕಾಲೇಜು ಹುಡುಗರಿಗೆ ಬೆಲೆ ಕೂಗಬೇಕಾಗುತ್ತದೆ. ಬೆಲೆ ಕಟ್ಟುವ ಮಾತು ಬಂದ ಮೇಲೆ ಅದು ವರ್ತಕರ ಮಾತೇ ಆಯಿತು.

ಬಂದರಿನ ಮಂಡಿಗಳಲ್ಲಿ ಅಡಿಕೆಯ ಚೀಲ ಬಿಚ್ಚಿದೊಡನೆ ಯಾರೂ ಧಾರಣೆ ಹೇಳುವುದಿಲ್ಲ. ಹಿಡಿಯಷ್ಟು ಅಡಿಕೆ ತೆಗೆದು, ತುಂಡರಿಸಿ, ಒಳಗಿನ ಬಿಳುಪನ್ನೂ ಗಟ್ಟಿತನವನ್ನೂ ನೋಡಿ, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಅಂದಾಜಿಸಿದ ನಂತರವೇ ಮಾತು. ಸಾಮಾನ್ಯವಾಗಿ ಹೊಸ ಅಡಿಕೆಗಿಂತ ಹಳೆಯ ಅಡಿಕೆಗೆ ಹೆಚ್ಚು ಬೆಲೆ ದೊರೆಯುವುದಕ್ಕೂ ಕಾರಣವಿದೆ. ಒಂದು ಮಳೆಗಾಲ ಗೋದಾಮಿನಲ್ಲಿ ಕಳೆದ ಅಡಿಕೆಯಲ್ಲಿ ಕೆಡತಕ್ಕದ್ದು ಕೆಟ್ಟು, ಉಳಿಯತಕ್ಕದ್ದು ಉಳಿದಿರುತ್ತದೆ. ಕಾದವನಿಗೆ ಬಡ್ಡಿಯ ನಷ್ಟವಿದೆ, ಜಾಗದ ವೆಚ್ಚವಿದೆ. ಆ ಕಾಯುವಿಕೆಗೆ ಸಲ್ಲುವ ಪ್ರತಿಫಲವೇ ಹೆಚ್ಚಿನ ಧಾರಣೆ. ಆಟಗಾರನನ್ನು ತುಂಡರಿಸಿ ನೋಡುವಂತಿಲ್ಲ. ಕಾದು ನೋಡುವುದೊಂದೇ ದಾರಿ. ಹರಾಜಿನ ಮೇಜಿನ ಬಳಿ ಕಾಯುವವರು ಯಾರೂ ಇರುವುದಿಲ್ಲ.

ಪ್ರೊ ಕಬಡ್ಡಿ ಲೀಗಿನ ಲೆಕ್ಕಪತ್ರಗಳು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿವೆ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್ ಅವರನ್ನು ಪಟ್ನಾ ಪೈರೇಟ್ಸ್ ತಂಡ 12.80 ಲಕ್ಷ ರೂಪಾಯಿಗೆ ಕೊಂಡಿತ್ತು. ನಾಲ್ಕೇ ವರ್ಷಗಳಲ್ಲಿ, 2018ರಲ್ಲಿ, ಮೋನು ಗೋಯತ್ ಅವರಿಗಾಗಿ ಹರಿಯಾಣ ಸ್ಟೀಲರ್ಸ್ 1.51 ಕೋಟಿ ರೂಪಾಯಿ ತೆತ್ತಿತು. ಆ ಋತುವಿನಲ್ಲಿ ಹರಿಯಾಣ ಪ್ಲೇ ಆಫ್ ಹಂತವನ್ನೂ ಮುಟ್ಟಲಿಲ್ಲ. ಅದೇ ಹರಾಜಿನಲ್ಲಿ ಬೆಳಗಾವಿಯ ಗಡಿಗೆ ಹೊಂದಿದ ಚಂದಗಡದ ಕಡೆಯ ಹೊಸಬ ಸಿದ್ಧಾರ್ಥ್ ದೇಸಾಯಿ 36.4 ಲಕ್ಷಕ್ಕೆ ಯು ಮುಂಬಾ ಪಾಲಾಗಿ, ಚೊಚ್ಚಲ ಋತುವಿನಲ್ಲೇ 218 ರೈಡ್ ಅಂಕಗಳನ್ನು ಗಳಿಸಿದರು. ಮರುವರ್ಷ ಅವರ ಬೆಲೆ 1.45 ಕೋಟಿಗೆ ಏರಿತು. ಅಷ್ಟು ಕೊಟ್ಟು ಕೊಂಡ ತೆಲುಗು ಟೈಟನ್ಸ್‌ಗೆ ಅವರು ಅಂಕಗಳನ್ನೇನೋ ತಂದುಕೊಟ್ಟರು. ತಂಡ ಮಾತ್ರ ಪ್ಲೇ ಆಫ್‌ನಿಂದ ಹೊರಗೇ ಉಳಿಯಿತು.

ಆದರೆ ನನಗೆ ಹೆಚ್ಚು ಕುತೂಹಲಕರವೆನಿಸುವುದು 2022ರ ಪ್ರಸಂಗ. ಆ ವರ್ಷ ಪ್ರತಿ ತಂಡಕ್ಕೆ ನಿಗದಿಯಾದ ಹಣದ ಮಿತಿ 4.4 ಕೋಟಿ ರೂಪಾಯಿ. ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್ ಅವರೊಬ್ಬರಿಗೇ 2.26 ಕೋಟಿ ಕೊಟ್ಟಿತು, ಅಂದರೆ ಚೀಲದ ಅರ್ಧಕ್ಕಿಂತ ಹೆಚ್ಚು. ಋತುವಿನ ಮೊದಲ ಪಂದ್ಯದಲ್ಲೇ ಎದುರಾಳಿಯನ್ನು ಹಿಡಿಯಲು ಹೋಗಿ ಪವನ್ ಅವರ ಮೊಣಕಾಲಿಗೆ ಪೆಟ್ಟಾಯಿತು. ಉಳಿದ ಪಂದ್ಯಗಳಿಗೆ ಅವರು ಇಳಿಯಲೇ ಇಲ್ಲ. ತಂಡ ಮುಳುಗಿತೆಂದೇ ಎಲ್ಲರೂ ಭಾವಿಸಿದರು. ಆಗ ಅದನ್ನು ಎತ್ತಿದವರು ನರೇಂದರ್ ಕಂಡೋಲಾ. ಕೋಟಿಯ ಕೂಗಿಗೆ ಎಂದೂ ಬಾರದ, ಹೊಸ ಯುವ ಆಟಗಾರರ ವರ್ಗದಿಂದ ಬಂದ ಹುಡುಗ. ಅವರು ಗಳಿಸಿದ 243 ರೈಡ್ ಅಂಕಗಳು ಸಿದ್ಧಾರ್ಥರ ಚೊಚ್ಚಲ ಋತುವಿನ ದಾಖಲೆಯನ್ನು ಮೀರಿದವು. ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಆ ಯಶಸ್ಸನ್ನು ಆಡಳಿತದವರ ದೂರದೃಷ್ಟಿಯೆಂದು ಕೊಂಡಾಡುವುದು ಸಾಧುವಲ್ಲ. ದೊಡ್ಡ ಸರಕು ಹಾಳಾದಾಗ ಮೂಲೆಯಲ್ಲಿದ್ದ ಸಣ್ಣ ಸರಕು ಮರ್ಯಾದೆ ಕಾಯ್ದಿತು, ಅಷ್ಟೆ.

ಇಷ್ಟಾದರೂ ಮರುವರ್ಷ ಇನ್ನೊಂದು ತಂಡ ಅದೇ ಹಾದಿ ಹಿಡಿಯಿತು. 2023ರಲ್ಲಿ ಮಿತಿಯನ್ನು 5 ಕೋಟಿಗೆ ಏರಿಸಲಾಗಿತ್ತು. ತೆಲುಗು ಟೈಟನ್ಸ್ 2.605 ಕೋಟಿಗೆ ಅದೇ ಪವನ್ ಅವರನ್ನು ಕೊಂಡಿತು. ಪವನ್ ಗಾಯಗೊಳ್ಳಲಿಲ್ಲ, 200ಕ್ಕೂ ಮಿಕ್ಕಿ ರೈಡ್ ಅಂಕಗಳನ್ನು ತಂದರು. ತಂಡ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಏಳು ಮಂದಿಯ ಆಟದಲ್ಲಿ ಒಬ್ಬನ ಮೇಲೆ ಅರ್ಧ ಹಣ ಸುರಿದರೆ ಮಿಕ್ಕ ಆರು ಸ್ಥಾನಗಳಿಗೆ ಉಳಿಯುವುದೇನು?

ಇಲ್ಲಿ ನನ್ನ ವಾದಕ್ಕೆ ವಿರುದ್ಧವಾದ ಒಂದು ಸಂಗತಿಯನ್ನೂ ಹೇಳಬೇಕು. ಅದೇ 2023ರಲ್ಲಿ ಪುಣೇರಿ ಪಲ್ಟನ್ ತಂಡ ಇರಾನಿನ ಮೊಹಮ್ಮದ್‌ರೆಜಾ ಶಾಡ್ಲೂಯಿ ಅವರಿಗೆ 2.35 ಕೋಟಿ ಕೊಟ್ಟಿತು. ಮತ್ತು ಪ್ರಶಸ್ತಿಯನ್ನೂ ಗೆದ್ದಿತು. ಹಾಗಾದರೆ ದುಬಾರಿ ಖರೀದಿ ತಪ್ಪೇನಲ್ಲವೆಂದು ಹೇಳಬಹುದೇ? ಆ ತಂಡದ ಉಳಿದವರನ್ನು ನೋಡಿ. ನಾಯಕ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಮೊದಲಾದವರು ಹೊಸಬರಾಗಿಯೇ ಆ ತಂಡವನ್ನು ಸೇರಿ, ಅದೇ ಅಂಗಳದಲ್ಲಿ ಹಲವು ಋತುಗಳನ್ನು ಕಳೆದವರು. ಅವರನ್ನು ಬೆಳೆಸಿ ಉಳಿಸಿಕೊಂಡಿದ್ದರಿಂದಲೇ ಒಬ್ಬರಿಗೆ ದೊಡ್ಡ ಮೊತ್ತ ಕೊಡುವಷ್ಟು ಹಣ ಚೀಲದಲ್ಲಿ ಉಳಿದಿತ್ತು. ತರಬೇತುದಾರ ಬಿ.ಸಿ. ರಮೇಶ್ ನಮ್ಮ ಕರ್ನಾಟಕದವರೇ ಎಂಬುದನ್ನು ಇಲ್ಲಿ ಸ್ಮರಿಸದಿದ್ದರೆ ತಪ್ಪಾದೀತು.

ನಮ್ಮ ರಾಜ್ಯದ ತಂಡದ ಕಥೆ ಇನ್ನೂ ಕಟುವಾದುದು. 2015ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಪ್ರದೀಪ್ ನರ್ವಾಲ್ ಎಂಬ ಹದಿಹರೆಯದ ಹುಡುಗನಿದ್ದ. ಕೆಲವೇ ಪಂದ್ಯಗಳಲ್ಲಿ ಅವಕಾಶ ಸಿಕ್ಕಿತು. ಅಂಕಗಳು ಹೆಚ್ಚು ಬರಲಿಲ್ಲ. ತಂಡ ಆತನನ್ನು ಬಿಟ್ಟುಕೊಟ್ಟಿತು. ಮುಂದಿನ ಋತುವಿನಲ್ಲೇ ಪಟ್ನಾ ಆತನನ್ನು ಸೇರಿಸಿಕೊಂಡು ಸತತ ಮೂರು ಬಾರಿ ಪ್ರಶಸ್ತಿ ಎತ್ತಿತು. 2017ರ ಋತುವೊಂದರಲ್ಲೇ ನರ್ವಾಲ್ 369 ರೈಡ್ ಅಂಕ ಗಳಿಸಿದರು. ಬುಲ್ಸ್ ಅವರನ್ನು ಮರಳಿ ಪಡೆದದ್ದು 2024ರಲ್ಲಿ, 70 ಲಕ್ಷ ರೂಪಾಯಿಗೆ, ಕಾಲುಗಳ ವೇಗ ಇಳಿದ ಮೇಲೆ. 2025ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತರಾದರು. ಕೈಯಲ್ಲಿದ್ದಾಗ ಕಾಯದೆ, ಒಂಬತ್ತು ವರ್ಷಗಳ ಬಳಿಕ ಮುಗಿಯುತ್ತಿರುವ ಸರಕಿಗೆ ಹಣ ಕೊಡುವುದು ಯಾವ ವ್ಯಾಪಾರ? ಹಾಗೆಂದು ಬುಲ್ಸ್ ಆಡಳಿತವನ್ನು ಪೂರ್ತಿಯಾಗಿ ಹಳಿಯುವಂತಿಲ್ಲ. ಪವನ್ ಸೆಹ್ರಾವತ್ ಕೂಡ ಅಲ್ಲಿಯೇ ಆಟ ಆರಂಭಿಸಿ, 2017ರಲ್ಲಿ ಗುಜರಾತಿಗೆ ಹೋಗಿ ಅಲ್ಲಿ ಮಂಕಾಗಿದ್ದವರು. 2018ರಲ್ಲಿ ಅವರನ್ನು ಬುಲ್ಸ್ ಮರಳಿ ಕರೆತಂದಿತು. 2019ರ ಜನವರಿ 5ರಂದು ಮುಂಬಯಿಯ ಫೈನಲಿನಲ್ಲಿ ಅವರೊಬ್ಬರೇ 22 ಅಂಕ ಗಳಿಸಿ ಬುಲ್ಸ್‌ಗೆ ಏಕೈಕ ಪ್ರಶಸ್ತಿ ತಂದರು. ಒಂದೇ ತಂಡ, ಒಂದೇ ಬಗೆಯ ಕಣ್ಣುಗಳು. ಒಬ್ಬರ ವಿಷಯದಲ್ಲಿ ಸರಿ, ಇನ್ನೊಬ್ಬರ ವಿಷಯದಲ್ಲಿ ತಪ್ಪು.

ಈ ದೌರ್ಬಲ್ಯ ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಚೆಂಡನ್ನು ಕಂಕುಳಲ್ಲಿಟ್ಟು ಓಡುವ ಆಟದಲ್ಲಿ ವೃತ್ತಿಪರ ತಂಡಗಳು ಪ್ರತಿವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಓಟದ ವೇಗ, ನೆಗೆತ, ತೂಕ, ಬುದ್ಧಿಪರೀಕ್ಷೆ ಎಲ್ಲವನ್ನೂ ಅಳೆಯುತ್ತಾರೆ. ಅಷ್ಟು ಅಳೆದೂ 2000ನೇ ಇಸವಿಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿಯನ್ನು 198 ಮಂದಿಯ ನಂತರ ಆರಿಸಿದರು. ಆತ ಮುಂದೆ ಏಳು ಬಾರಿ ಚಾಂಪಿಯನ್ ತಂಡದಲ್ಲಿದ್ದರು. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು) ಈ ಆಯ್ಕೆಗಳ ಲೆಕ್ಕ ತೆಗೆದು 2013ರಲ್ಲಿ ಪ್ರಕಟಿಸಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆರಿಸಲ್ಪಟ್ಟವನು ಅವನ ಹಿಂದೆಯೇ ಆರಿಸಲ್ಪಟ್ಟವನಿಗಿಂತ ಉತ್ತಮನೆನಿಸುವ ಸಂಭವ ಶೇಕಡಾ 52 ಮಾತ್ರ ಎಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮಿ ನೋಡಿದರೂ ಶೇಕಡಾ 50 ಇದ್ದೇ ಇದೆ. ಮೊದಲ ಸರದಿಯ ಆಯ್ಕೆಗೆ ತಂಡಗಳು ಅತಿಯಾದ ಬೆಲೆ ತೆರುತ್ತವೆಂದೂ, ಕೊಟ್ಟ ಹಣಕ್ಕೆ ಮೀರಿದ ಲಾಭ ನಂತರದ ಸರದಿಗಳಲ್ಲೇ ಹೆಚ್ಚೆಂದೂ ಅವರ ನಿರ್ಣಯ.

ಕಬಡ್ಡಿಯಲ್ಲಿ ಕಾಲೇಜು ಮಟ್ಟದ ಅಂಕಪಟ್ಟಿ ಮೋಸ ಮಾಡುವುದಕ್ಕೆ ಸ್ಪಷ್ಟ ಕಾರಣಗಳಿವೆ. ಎದುರಿನ ಅಂಕಣದಲ್ಲಿ ಇಬ್ಬರೋ ಮೂವರೋ ಉಳಿದಾಗ ಗಳಿಸಿದ ಅಂಕವೂ, ಏಳು ಮಂದಿ ಸರಪಳಿ ಕಟ್ಟಿ ನಿಂತಾಗ ತಂದ ಅಂಕವೂ ಪಟ್ಟಿಯಲ್ಲಿ ಒಂದೇ ಆಗಿ ಕಾಣುತ್ತವೆ. ಮಣ್ಣಿನ ಅಂಕಣದಲ್ಲಿ ಬರಿಗಾಲಿನ ಹಿಡಿತಕ್ಕೆ ಒಗ್ಗಿದ ಹುಡುಗ ಮ್ಯಾಟಿನ ಮೇಲೆ ಬೂಟು ತೊಟ್ಟಾಗ ತಿರುಗುವ ರೀತಿಯೇ ಬೇರೆ. ತೂಕಕ್ಕೆ ಮಿತಿಯಿಟ್ಟ ಊರಿನ ಪಂದ್ಯಾಟಗಳಲ್ಲಿ ಮಿಂಚಿದವನು ತನಗಿಂತ ಇಪ್ಪತ್ತು ಕಿಲೋ ಹೆಚ್ಚಿನವನ ಕೈಗೆ ಸಿಕ್ಕಿದರೆ ಏನಾದೀತೆಂದು ಯಾರೂ ಮೊದಲೇ ಕಂಡಿರುವುದಿಲ್ಲ. ದಾಳಿಗಾರನನ್ನು ನೋಡಬೇಕಾದವರು ಅವನ ಒಟ್ಟು ಅಂಕಗಳನ್ನು ಬದಿಗಿಟ್ಟು, ಪೂರ್ಣ ಏಳು ಮಂದಿಯ ಎದುರು ಅವನು ಏನು ಮಾಡಿದ, ಸತತ ಎರಡು ಬಾರಿ ಸಿಕ್ಕಿಬಿದ್ದ ಬಳಿಕ ಮೂರನೆಯ ದಾಳಿಗೆ ಹೇಗೆ ಹೋದ ಎಂಬುದನ್ನು ಗಮನಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಕೆಲವು ವರ್ಷಗಳ ಹಿಂದೆ ಮೂವರು ಮಿತ್ರರೊಡನೆ ನಗರದ ಹೊರವಲಯದ ಒಂದು ಲೀಗಿನಲ್ಲಿ ತಂಡ ಕೊಂಡಿದ್ದೆ. ಒಂದು ಕಾಲೇಜಿನ ದಾಳಿಗಾರನಿಗೆ ನಮ್ಮ ಪಾಲಿನ ಅರ್ಧ ಹಣ ಹೋಯಿತು. ಎದುರು ಮೇಜಿನಲ್ಲಿ ಕೂಗುತ್ತಿದ್ದವರು ನಮ್ಮದೇ ಬೀದಿಯ ವರ್ತಕರಾದ್ದರಿಂದ ಬಿಡಲು ಮನಸ್ಸಾಗಲಿಲ್ಲ. ವ್ಯಾಪಾರದಲ್ಲಿ ಎಂದೂ ಮಾಡದ ತಪ್ಪನ್ನು ಅಂದು ಮಾಡಿದೆ. ಹುಡುಗನ ಮೊಣಕಾಲು ಮೊದಲೇ ನೊಂದಿತ್ತು. ಹೇಳಿದರೆ ಹರಾಜಿನಲ್ಲಿ ಹೆಸರು ಬಾರದೆಂದು ಮುಚ್ಚಿಟ್ಟಿದ್ದ. ಅವನನ್ನು ದೂಷಿಸುವ ಮನಸ್ಸು ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಒಂದೇ ಸಂಜೆಯಲ್ಲಿ ಭವಿಷ್ಯ ತೀರ್ಮಾನವಾಗುವುದಾದರೆ ನೋವನ್ನು ಯಾರು ತಾನೇ ಹೇಳಿಕೊಂಡಾರು? ಕೊನೆಯಲ್ಲಿ ಸಂಖ್ಯೆ ತುಂಬಲೆಂದು ತೆಗೆದುಕೊಂಡ ಕುದ್ರೋಳಿ ಕಡೆಯ ಹುಡುಗನೊಬ್ಬ ಎಡ ಮೂಲೆಯಲ್ಲಿ ನಿಂತು ನಮ್ಮ ಮಾನ ಉಳಿಸಿದ.

ಊಹೆ ಹುಸಿಯಾಗುವುದೇ ಸಹಜವಾದರೆ ಹುಡುಗನನ್ನು ಮೂರು ನಾಲ್ಕು ವರ್ಷ ಹಿಡಿದಿಟ್ಟು ನೋಡುವವರು ಬೇಕು. ನಮ್ಮ ಜಿಲ್ಲೆಯಲ್ಲಿ ಕಾಲೇಜಿನ ತನಕ ಆ ಕೆಲಸ ತಕ್ಕಮಟ್ಟಿಗೆ ನಡೆಯುತ್ತಿದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಡಿ ಊಟ, ವಸತಿ, ಶಿಕ್ಷಣಗಳನ್ನು ಒದಗಿಸುತ್ತಿದೆ. 2022ರ ಹರಾಜಿಗೆ ಬೆಂಗಳೂರಿನ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಮೊದಲೆರಡು ತಂಡಗಳ 24 ಆಟಗಾರರನ್ನು ಸೇರಿಸಿಕೊಂಡದ್ದೂ ಒಳ್ಳೆಯ ಹೆಜ್ಜೆಯೇ. ಕಂದಕವಿರುವುದು ಪದವಿಯ ಆಚೆಗೆ. ಹಿಂದೆ ಆ ಕಂದಕಕ್ಕೆ ಸಂಕವಾಗಿದ್ದುದು ಕ್ರೀಡಾ ಕೋಟಾದ ಬ್ಯಾಂಕ್ ಮತ್ತು ರೈಲ್ವೆ ನೌಕರಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕಬಡ್ಡಿ ತಂಡವನ್ನು ಮರೆತವರಾರು? ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದದ್ದು ರೈಲ್ವೆ ಉದ್ಯೋಗದ ಆಸರೆಯಲ್ಲಿ. ಹೆಣ್ಣುಮಕ್ಕಳಿಗೆ ಕೋಟಿಯ ಹರಾಜೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಅವಿಭಜಿತ ಜಿಲ್ಲೆ ಹೆತ್ತ ಐದು ದೊಡ್ಡ ಬ್ಯಾಂಕುಗಳಲ್ಲಿ ವಿಜಯಾ 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಊರಿನ ಮೈದಾನದಲ್ಲಿ ಹುಡುಗನ ಆಟ ಕಂಡು, ಅವನ ಹೆಸರನ್ನು ತಮ್ಮವನೆಂದು ಮೇಲಕ್ಕೆ ಕಳುಹಿಸುವ ಮನೆಗಳು ಹೀಗೆ ಕಡಿಮೆಯಾದವು.

ಆ ಜಾಗವನ್ನು ವರ್ತಕರು ಪೂರ್ತಿಯಾಗಿ ತುಂಬಲಾರರು, ಒಂದಿಷ್ಟು ತುಂಬಬಲ್ಲರು. ಒಂದು ರಾತ್ರಿಯ ಪಂದ್ಯಾಟಕ್ಕೆ ದೀಪ, ಧ್ವನಿವರ್ಧಕ, ಆಳೆತ್ತರದ ಟ್ರೋಫಿಗಳಿಗೆ ನಾವು ಸುರಿಯುವ ಹಣದಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ಹಲವು ತಿಂಗಳ ಅರ್ಧ ದಿನದ ಸಂಬಳ ಕೊಡಬಹುದು. ಒಂದೊಂದು ಅಂಗಡಿ, ಒಂದೊಂದು ಸಣ್ಣ ಕಾರ್ಖಾನೆ ಒಬ್ಬೊಬ್ಬರನ್ನು ಮಧ್ಯಾಹ್ನದವರೆಗೆ ಕೆಲಸಕ್ಕಿಟ್ಟುಕೊಂಡು ಸಂಜೆ ಅಭ್ಯಾಸಕ್ಕೆ ಬಿಡಲಿ. ವೈದ್ಯಕೀಯ ವಿಮೆಯನ್ನು ಮಾತ್ರ ತಪ್ಪದೆ ಮಾಡಿಸಲಿ. ಹತ್ತು ಮಂದಿಯಲ್ಲಿ ಯಾರು ಮುಂದೆ ಬರುವರೆಂದು ಊಹಿಸುವ ಗೊಡವೆಯೇ ಆಗ ಇರುವುದಿಲ್ಲ. ಒಂಬತ್ತು ಮಂದಿ ಹರಾಜಿನ ಮೆಟ್ಟಿಲು ಹತ್ತದಿದ್ದರೂ ಅವರಿಗೆ ಒಂದು ಕಸುಬು ಕೈಗೂಡಿರುತ್ತದೆ, ನಮಗೆ ನಂಬುಗೆಯ ನೌಕರರು ಸಿಕ್ಕಿರುತ್ತಾರೆ. ಸಂಘದ ಮುಂದಿನ ಸಭೆಯಲ್ಲಿ ಈ ಸಲಹೆಯನ್ನು ಮಂಡಿಸಬೇಕೆಂದಿದ್ದೇನೆ. ಆಸಕ್ತ ಸದಸ್ಯರು ತಾವು ಎಷ್ಟು ಮಂದಿಯನ್ನು, ಯಾವ ಕೆಲಸಕ್ಕೆ ತೆಗೆದುಕೊಳ್ಳಬಲ್ಲೆವೆಂಬುದನ್ನು ಬರೆದು ತರಬೇಕಾಗಿ ವಿನಂತಿ.

ಕುದ್ರೋಳಿಯ ಆ ಹುಡುಗ ಎರಡು ವರ್ಷಗಳಿಂದ ನಮ್ಮ ಮಂಡಿಯಲ್ಲಿದ್ದಾನೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ತೂಕ ನೋಡುತ್ತಾನೆ, ಬಿಲ್ಲು ಬರೆಯುತ್ತಾನೆ. ಆ ಬಳಿಕ ಚೀಲ ಹೆಗಲಿಗೇರಿಸಿ ಅಭ್ಯಾಸಕ್ಕೆ ಹೊರಡುತ್ತಾನೆ. ಜಿಲ್ಲಾ ತಂಡದ ಆಯ್ಕೆಯಲ್ಲಿ ಒಮ್ಮೆ ಹೆಸರು ಬಂತು, ಒಮ್ಮೆ ಬರಲಿಲ್ಲ. ಕಳೆದ ತಿಂಗಳು ಕಾಲಿನ ಹರಡು ಉಳುಕಿಸಿಕೊಂಡು ಬಂದು, ಅದನ್ನು ಮುಚ್ಚಿಡದೆ ಮೊದಲು ನನಗೇ ಹೇಳಿದ. ಎಂಟು ದಿನ ಮೇಲಿನ ಗೋದಾಮಿಗೆ ಹತ್ತಬೇಡವೆಂದು ತಿಳಿಸಿ, ಕೆಳಗಿನ ಗಲ್ಲಾದ ಬಳಿ ಅವನಿಗೊಂದು ಕುರ್ಚಿ ಹಾಕಿಸಿದೆ.